ಗೆರೆ ದಾಟಿದ ಜಾಗ: ಡಿಸ್ಕ್ ಗಾಲ್ಫ್ ಬಗ್ಗೆ ಕೆಲವು ತಪ್ಪು ಕಲ್ಪನೆಗಳು

ಅಮೆರಿಕದಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಹೋಗಿಬಂದವರು ಅಲ್ಲಿನ ಪಾರ್ಕುಗಳಲ್ಲಿ ಒಂದು ಕಬ್ಬಿಣದ ಕಂಬ, ಅದರ ಸುತ್ತ ಇಳಿಬಿದ್ದ ಸರಪಳಿ, ಕೆಳಗೊಂದು ಬುಟ್ಟಿ ನೋಡಿರುತ್ತಾರೆ. ಅದು ಡಿಸ್ಕ್ ಗಾಲ್ಫ್‌ನ ಗುರಿ. ಟೀ ಎಂಬ ಜಾಗದಲ್ಲಿ ನಿಂತು ಪ್ಲಾಸ್ಟಿಕ್ ಡಿಸ್ಕ್ ಎಸೆಯಬೇಕು, ಬಿದ್ದಲ್ಲಿಂದ ಮತ್ತೆ ಎಸೆಯಬೇಕು, ಹೀಗೆ ಬುಟ್ಟಿ ಸೇರುವವರೆಗೆ. ಟೀಯಿಂದ ಬುಟ್ಟಿಯವರೆಗಿನ ಈ ಒಂದು ಘಟ್ಟಕ್ಕೆ ಹೋಲ್ ಎನ್ನುತ್ತಾರೆ. ಎಷ್ಟು ಎಸೆತವಾಯಿತೋ ಅಷ್ಟು ಅಂಕ. ಕಡಿಮೆ ಅಂಕದವರು ಗೆದ್ದರು. 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ ಮೊದಲ ಕಾಯಂ ಕೋರ್ಸ್ ರೂಪಿಸಿದ ಎಡ್ ಹೆಡ್ರಿಕ್, ಮರುವರ್ಷ ವೃತ್ತಿಪರ ಆಟಗಾರರ ಸಂಘ ಪಿಡಿಜಿಎಯನ್ನು ಹುಟ್ಟುಹಾಕಿದರು. ಈಗಲೂ ನಿಯಮ ಬರೆಯುವುದು, ವಿಶ್ವ ಚಾಂಪಿಯನ್‌ಷಿಪ್ ನಡೆಸುವುದು ಆ ಸಂಘವೇ.

ಆಟ ನೋಡಲು ಇಷ್ಟು ಸರಳವಾಗಿರುವುದರಿಂದಲೇ ಅದರ ಬಗ್ಗೆ ತಪ್ಪು ತಿಳಿವಳಿಕೆಯೂ ಹೆಚ್ಚು. ತೋಳಿನಲ್ಲಿ ಬಲವಿದ್ದರೆ ಸಾಕು, ಮಿಕ್ಕಿದ್ದು ಅದೃಷ್ಟ ಎಂದುಕೊಳ್ಳುವವರೇ ಬಹಳ. ಆದರೆ ಹಿಂದಿನವರು ಎಸೆದು ತನ್ನ ಸರದಿ ಬಂದಮೇಲೆ ಆಟಗಾರನಿಗೆ ಸಿಗುವುದು 30 ಸೆಕೆಂಡು. ಪಂದ್ಯದ ಸೋಲುಗೆಲುವಿನ ದೊಡ್ಡ ಪಾಲು ತೀರ್ಮಾನವಾಗುವುದು ಆ 30 ಸೆಕೆಂಡಿನ ಲೆಕ್ಕದಲ್ಲಿ ಎಂದು ನಾನು ನಂಬಿದ್ದೇನೆ. ಯಾಕೆಂದು ಹೇಳುತ್ತೇನೆ.

ನಂಬಿಕೆ: ದೂರ ಎಸೆಯುವವನೇ ಗೆಲ್ಲುತ್ತಾನೆ

2016ರಲ್ಲಿ ಡೇವಿಡ್ ವಿಗ್ಗಿನ್ಸ್ ಜೂನಿಯರ್ ನೆವಾಡಾದ ಮರುಭೂಮಿಯಲ್ಲಿ, ಬೆನ್ನ ಹಿಂದಿನ ಗಾಳಿಯ ನೆರವಿನಿಂದ, ಡಿಸ್ಕನ್ನು 338 ಮೀಟರ್ ದೂರ ಎಸೆದರು. ಅದು ದೂರದ ದಾಖಲೆಗೆಂದೇ ನಡೆದ ಸ್ಪರ್ಧೆ. ಅಲ್ಲಿ ಬುಟ್ಟಿಯಿಲ್ಲ, ನೀರಿಲ್ಲ, ಮರವೂ ಇಲ್ಲ.

ಪಂದ್ಯದ ಕೋರ್ಸ್ ಹೇಗಿರುತ್ತದೆಂದು ತಿಳಿಯಲು ಸೌತ್ ಕೆರೊಲಿನಾದ ರಾಕ್ ಹಿಲ್‌ಗೆ ಬರಬೇಕು. ಅಲ್ಲಿನ ವಿಂಥ್ರಾಪ್ ವಿಶ್ವವಿದ್ಯಾಲಯದ ಆವರಣದಲ್ಲಿ 1999ರಿಂದ ಯುನೈಟೆಡ್ ಸ್ಟೇಟ್ಸ್ ಡಿಸ್ಕ್ ಗಾಲ್ಫ್ ಚಾಂಪಿಯನ್‌ಷಿಪ್ ನಡೆಯುತ್ತಿದೆ. ಅದರ 17ನೇ ಹೋಲ್ ಸುಮಾರು 75 ಮೀಟರ್ ಮಾತ್ರ. ನೂರಿಪ್ಪತ್ತು ಮೀಟರ್ ಸಲೀಸಾಗಿ ಎಸೆಯುವವರಿಗೆ ಅದೊಂದು ದೂರವೇ ಅಲ್ಲ. ಆದರೆ ಬುಟ್ಟಿಯ ಸುತ್ತ ಒಣಹುಲ್ಲಿನ ಬೇಲುಗಳನ್ನು ಜೋಡಿಸಿ ಒಂದು ದ್ವೀಪ ಮಾಡಿರುತ್ತಾರೆ. ಬೇಲುಗಳ ಒಳಗೆ ಬಿದ್ದರೆ ಸರಿ, ಆಚೆ ಬಿದ್ದರೆ ಪೆನಾಲ್ಟಿ. ಜೋರಾಗಿ, ನೆಲಕ್ಕೆ ಸಮನಾಗಿ ಬಂದ ಡಿಸ್ಕ್ ನೆಲ ಮುಟ್ಟಿ ಜಾರುತ್ತಾ ಬೇಲಿನವರೆಗೆ ಹೋಗುತ್ತದೆ, ಕೆಲವೊಮ್ಮೆ ಹಾರಿ ಆಚೆಗೂ ಬೀಳುತ್ತದೆ. ಎತ್ತರದಿಂದ ಓರೆಯಾಗಿ ಇಳಿದದ್ದು ಥಟ್ಟನೆ ನಿಲ್ಲಬಹುದು. ಅಂಚಿನ ಮೇಲೆ ನಿಂತುಬಿಟ್ಟರೆ ಚಕ್ರದಂತೆ ಉರುಳಿಕೊಂಡು ಹೊರಗೂ ಹೋಗಬಹುದು. ವೇಗವನ್ನೆಲ್ಲ ಗಾಳಿಯಲ್ಲೇ ಕಳೆದುಕೊಂಡು ಮೆತ್ತಗೆ ಇಳಿಯುವ ಎಸೆತ ಬೇಕು. ಪಂದ್ಯದುದ್ದಕ್ಕೂ ಮುನ್ನಡೆ ಕಾಪಾಡಿಕೊಂಡು ಬಂದವರ ಕೈ ನಡುಗುವುದು ಇಂಥ ಕಡೆ.

ಮೈದಾನಕ್ಕೆ ಹಗ್ಗ ಕಟ್ಟಿ ಗಡಿ ಮಾಡುವುದು ಕೃತಕ, ಅದು ನಿಜವಾದ ಅಡ್ಡಿಯಲ್ಲ ಎಂದು ಮೂಗು ಮುರಿಯುವವರಿದ್ದಾರೆ. ವಿಂಥ್ರಾಪ್‌ನ ಹಳದಿ ಹಗ್ಗಗಳ ಮೇಲೂ ಈ ದೂರಿದೆ. ನಾನು ಇದನ್ನು ಒಪ್ಪುವುದಿಲ್ಲ. ಬಯಲಿನಲ್ಲಿ ಹಗ್ಗವಿಲ್ಲದಿದ್ದರೆ ಯೋಚಿಸುವ ಕೆಲಸವೇ ಇರುವುದಿಲ್ಲ, ಎಲ್ಲರೂ ಬಲ ಹಾಕಿ ಎಸೆಯುತ್ತಾರೆ ಅಷ್ಟೆ. ಕಬಡ್ಡಿಯಂತೆ ಇಲ್ಲೂ ಗೆರೆ ಎಳೆದಮೇಲೆಯೇ ಆಟ ಶುರು.

ನಂಬಿಕೆ: ನೀರಿಗೆ ಬಿದ್ದರೆ ಬಿತ್ತು, ಹೇಗೆ ಬಿದ್ದರೂ ನಷ್ಟ ಒಂದೇ

ಎಲ್ಲಕ್ಕಿಂತ ದುಬಾರಿಯಾದ ತಪ್ಪು ತಿಳಿವಳಿಕೆ ಇದು. ಕೆರೆ, ರಸ್ತೆ, ಹಗ್ಗದ ಆಚೆಯ ಜಾಗ ಇವನ್ನು ಔಟ್ ಆಫ್ ಬೌಂಡ್ಸ್, ಆಟಗಾರರ ಬಾಯಲ್ಲಿ ಓಬಿ, ಎಂದು ಗುರುತು ಮಾಡಿರುತ್ತಾರೆ. ಓಬಿಗೆ ಬಿದ್ದರೆ ಒಂದು ಪೆನಾಲ್ಟಿ ಎಸೆತ ಸೇರುತ್ತದೆ. ಮುಂದಿನ ಎಸೆತ ಎಲ್ಲಿಂದ ಎನ್ನುವಲ್ಲಿ ವಿಷಯವಿದೆ. ಡಿಸ್ಕ್ ಕೊನೆಯ ಸಲ ಗಡಿಯೊಳಗೆ ಇದ್ದ ಜಾಗದಿಂದ, ಗೆರೆಗೆ ನೇರವಾಗಿ ಒಂದು ಮೀಟರ್‌ವರೆಗೆ ಒಳಗೆ ಬಂದು ಎಸೆಯಬಹುದು. ಹಾರುವಾಗ ಗೆರೆಯನ್ನು ದಾಟಿದ ಜಾಗವೇ ಲೆಕ್ಕ; ನೀರಿನಲ್ಲಿ ಬಿದ್ದ ಜಾಗಕ್ಕೆ ಬೆಲೆಯಿಲ್ಲ. ಬೇಡವೆಂದರೆ ಹಿಂದಿನ ಜಾಗದಿಂದಲೇ ಮತ್ತೆ ಎಸೆಯಬಹುದು. ಸಂಘಟಕರು ಡ್ರಾಪ್ ಝೋನ್, ಅಂದರೆ ಮುಂದಿನ ಎಸೆತಕ್ಕೆಂದೇ ಒಂದು ಜಾಗ, ಗುರುತಿಸಿದ್ದರೆ ಅದೂ ಉಂಟು.

ಒಂದು ಹೋಲ್ ಕಲ್ಪಿಸಿಕೊಳ್ಳಿ. ಬುಟ್ಟಿ 100 ಮೀಟರ್ ದೂರದಲ್ಲಿ, ಕೆರೆಯ ದಂಡೆಯಲ್ಲೇ ಇದೆ. ಎಡಗಡೆ ಉದ್ದಕ್ಕೂ ನೀರು, ಬಲಗಡೆ ಹುಲ್ಲು. ಎಸೆಯುವವನು ಬಲಗೈಯವನು. ಅವನು ಬ್ಯಾಕ್‌ಹ್ಯಾಂಡ್ ಎಸೆದರೆ ಡಿಸ್ಕ್ ಕೊನೆಗೆ ಎಡಕ್ಕೆ ವಾಲುತ್ತದೆ, ಫೋರ್‌ಹ್ಯಾಂಡ್ ಎಸೆದರೆ ಬಲಕ್ಕೆ. ಹೊಸಬರು ಸಾಮಾನ್ಯವಾಗಿ ಫೋರ್‌ಹ್ಯಾಂಡ್ ಕಡೆ ಒಲಿಯುತ್ತಾರೆ. ನೀರಿನ ಮೇಲೆ ಬಿಟ್ಟರೆ ಕೊನೆಯಲ್ಲಿ ತಾನಾಗಿ ದಂಡೆಗೆ ಬರುತ್ತದಲ್ಲ, ನೀರಿನಿಂದ ದೂರ ಸರಿಯುವ ಎಸೆತವೇ ಕ್ಷೇಮವಲ್ಲವೇ ಎಂಬುದು ಅವರ ತರ್ಕ.

ಈಗ ಎರಡೂ ತಪ್ಪಿದವು ಅನ್ನಿ. ಫೋರ್‌ಹ್ಯಾಂಡ್ ಎಸೆತ ಟೀಯಿಂದ 20 ಮೀಟರ್ ಆಗುವಷ್ಟರಲ್ಲೇ ದಂಡೆ ದಾಟಿ ನೀರಿನ ಮೇಲೆ ಹೋಗಿತ್ತು. 90 ಮೀಟರ್ ಹಾರಿ, ದಂಡೆ ಮುಟ್ಟದೆ ಬಿತ್ತು. ಗಡಿಯೊಳಗೆ ಕೊನೆಗೆ ಇದ್ದದ್ದು ಆ 20 ಮೀಟರಿನ ಜಾಗದಲ್ಲಿ. ಅಲ್ಲಿಗೆ ವಾಪಸು ನಡೆಯಬೇಕು, ಅಲ್ಲಿಂದ ಮೂರನೇ ಎಸೆತ, ಇನ್ನೂ 80 ಮೀಟರ್ ಬಾಕಿ. ಬ್ಯಾಕ್‌ಹ್ಯಾಂಡ್ ಎಸೆತವಾದರೋ ಹುಲ್ಲಿನ ಮೇಲೇ ಸಾಗಿ, ಬುಟ್ಟಿಯ ಹತ್ತಿರ ಬಂದಮೇಲೆ ಎಡಕ್ಕೆ ಹೆಚ್ಚು ವಾಲಿ ನೀರಿಗೆ ಬಿತ್ತು. ಗೆರೆ ದಾಟಿದ್ದು ಬುಟ್ಟಿಗೆ 8 ಮೀಟರ್ ಇರುವಾಗ. ಅಲ್ಲಿಂದ ಒಂದು ಪಟ್, ಅಂದರೆ ಬುಟ್ಟಿಗೆ ಹಾಕುವ ಕಿರು ಎಸೆತ, ಹಾಕಿದರೆ ಪೆನಾಲ್ಟಿ ಸೇರಿ ಮೂರಕ್ಕೇ ಮುಗಿಯಿತು. ಎರಡು ಡಿಸ್ಕೂ ನೀರಿನಲ್ಲಿ ಅಕ್ಕಪಕ್ಕದಲ್ಲೇ ಬಿದ್ದಿರಬಹುದು. ಅಂಕದಲ್ಲಿ ಮಾತ್ರ ಕನಿಷ್ಠ ಒಂದು ಎಸೆತದ ಅಂತರ.

ಹಾಗಂತ ನೀರಿನ ಮೇಲಿನ ದಾರಿ ಯಾವಾಗಲೂ ದಡ್ಡತನವಲ್ಲ. ಹುಲ್ಲಿನ ಕಡೆಯ ದಾರಿಗೆ ಮರ ಅಡ್ಡವಿದ್ದರೆ, ಅಥವಾ ಬುಟ್ಟಿಯ ಬುಡದ ನೆಲ ಕೆರೆಯ ಕಡೆಗೆ ಇಳಿಜಾರಾಗಿದ್ದು ಎಡಕ್ಕೆ ಬಂದ ಡಿಸ್ಕ್ ಜಾರಿ ನೀರು ಸೇರುವುದು ಖಂಡಿತವಿದ್ದರೆ, ಪಳಗಿದವರು ನೀರಿನ ಮೇಲೇ ಬಿಡುತ್ತಾರೆ. ಅದರ ಬೆಲೆ ಎಷ್ಟೆಂದು ಗೊತ್ತಿದ್ದೇ ಬಿಡುತ್ತಾರೆ.

ಗೆರೆ ದಾಟಿದ ಜಾಗ ಯಾವುದೆಂದು ಹೇಳುವವರು ಜೊತೆಯ ಆಟಗಾರರು. ಅನುಮಾನ ಬಂದರೆ ಲಾಭ ಎಸೆದವನಿಗೆ. ಇನ್ನೊಂದು ಸೂಕ್ಷ್ಮ: ಗೆರೆಯೂ ಓಬಿಯ ಭಾಗ. ಆದರೆ ಡಿಸ್ಕ್ ಓಬಿ ಆಗಬೇಕಾದರೆ ಅದರ ಸುತ್ತ ಪೂರ್ತಿ ಓಬಿಯೇ ಇರಬೇಕು. ಅಂಚಿನ ಒಂದು ಚೂರು ಗಡಿಯೊಳಗಿನ ಹುಲ್ಲಿನ ಮೇಲಿದ್ದರೂ ಡಿಸ್ಕ್ ಒಳಗಿದೆ ಎಂದೇ ಅರ್ಥ.

ನಂಬಿಕೆ: ಹ್ಯಾಜರ್ಡ್ ಅಂದರೂ ಓಬಿ ಅಂದರೂ ಒಂದೇ

ಒಂದೇ ಅಲ್ಲ. ಹ್ಯಾಜರ್ಡ್ ಎಂದು ಗುರುತಿಸಿದ ಜಾಗಕ್ಕೆ ಬಿದ್ದರೆ ಪೆನಾಲ್ಟಿ ಒಂದು ಎಸೆತ, ಆದರೆ ಡಿಸ್ಕ್ ಬಿದ್ದಲ್ಲಿಂದಲೇ ಮುಂದುವರಿಯಬಹುದು. ಹೋದ ದೂರ ಕೈಬಿಡುವುದಿಲ್ಲ. ಹಾಗಾಗಿ ಉದ್ದದ ಹೋಲ್‌ನಲ್ಲಿ ಹ್ಯಾಜರ್ಡ್ ದಾಟಿಸುವ ಸಾಹಸಕ್ಕೂ ಓಬಿ ದಾಟಿಸುವ ಸಾಹಸಕ್ಕೂ ಬೆಲೆ ಬೇರೆ. ಮಳೆನೀರು ನಿಂತ ಗುಂಡಿ ಓಬಿ ಎಂದು ಸಾರಿರದಿದ್ದರೆ ಅಲ್ಲಿ ಪೆನಾಲ್ಟಿಯೇ ಇಲ್ಲ, ಹಿಂದಕ್ಕೆ ಸರಿದು ಎಸೆಯಬಹುದು. ಮ್ಯಾಂಡೇಟರಿ ಎಂದು ಬಾಣದ ಗುರುತು ಹಾಕಿದ ಮರ ಇದ್ದರೆ ಅದು ತೋರಿಸಿದ ಪಕ್ಕದಿಂದಲೇ ಡಿಸ್ಕ್ ಹಾಯಬೇಕು; ತಪ್ಪಿದರೆ ಪೆನಾಲ್ಟಿ, ಮುಂದಿನ ಎಸೆತ ಡ್ರಾಪ್ ಝೋನ್‌ನಿಂದ, ಅದಿಲ್ಲದಿದ್ದರೆ ಹಿಂದೆ ಎಸೆದ ಜಾಗದಿಂದ. ಮರದ ಮೇಲೆ ಎರಡು ಮೀಟರಿಗಿಂತ ಎತ್ತರದಲ್ಲಿ ಸಿಕ್ಕಿಕೊಂಡರೆ ದಂಡ ಎಂದು ಇಂದಿಗೂ ಅನೇಕರು ಹೇಳುತ್ತಾರೆ. ಆ ನಿಯಮ ಪಂದ್ಯದ ನಿರ್ದೇಶಕರು ಮೊದಲೇ ಪ್ರಕಟಿಸಿದ್ದರೆ ಮಾತ್ರ ಜಾರಿಯಲ್ಲಿರುತ್ತದೆ.

ನಂಬಿಕೆ: ಮರ ಅಂದರೆ ತೊಂಬತ್ತು ಪಾಲು ಗಾಳಿ

ಅಮೆರಿಕದ ಆಟಗಾರರ ನಡುವೆ ಇದೊಂದು ಗಾದೆಯೇ ಆಗಿಬಿಟ್ಟಿದೆ. ಧೈರ್ಯವಾಗಿ ಮರಗಳ ನಡುವೆ ಎಸಿ, ಹೇಗೋ ನುಸುಳಿಕೊಂಡು ಹೋಗುತ್ತದೆ ಎಂಬ ಅರ್ಥದಲ್ಲಿ ಹೇಳುತ್ತಾರೆ. ಲೆಕ್ಕ ಹಾಕಿ ನೋಡೋಣ.

30 ಸೆಂಟಿಮೀಟರ್ ದಪ್ಪದ ಕಾಂಡಗಳಿರುವ ಕಾಡು. 50 ಚದರ ಮೀಟರಿಗೆ ಒಂದು ಮರ, ಅಂದರೆ ಒಂದಕ್ಕೂ ಇನ್ನೊಂದಕ್ಕೂ ಸುಮಾರು ಏಳು ಮೀಟರ್ ಅಂತರ. ಬಹಳ ದಟ್ಟವೇನಲ್ಲ. ಕಾಂಡಗಳು ಆಕ್ರಮಿಸಿದ ನೆಲ ಶೇ 0.14ರಷ್ಟು ಮಾತ್ರ. ಗಾದೆಯ ಪ್ರಕಾರ ತೊಂಬತ್ತೇನು, ಶೇ 99.8ಕ್ಕೂ ಹೆಚ್ಚು ಬಯಲು. ಆದರೆ ಡಿಸ್ಕ್ ಒಂದು ಬಿಂದುವಲ್ಲ, 21 ಸೆಂಟಿಮೀಟರ್ ಅಗಲದ ತಟ್ಟೆ. ಕಾಂಡದ ದಪ್ಪವೂ ಡಿಸ್ಕಿನ ಅಗಲವೂ ಸೇರಿ 51 ಸೆಂಟಿಮೀಟರ್ ಅಗಲದ ಓಣಿಯಲ್ಲಿ ಯಾವ ಕಾಂಡದ ನಡುಬಿಂದುವೂ ಇಲ್ಲದಿದ್ದರೆ ಮಾತ್ರ ಅದು ಪಾರಾಗುತ್ತದೆ. 50 ಮೀಟರ್ ಉದ್ದಕ್ಕೆ ಆ ಓಣಿಯ ವಿಸ್ತಾರ 25.5 ಚದರ ಮೀಟರ್. ಮರಗಳು ಅಡ್ಡಾದಿಡ್ಡಿ ಹರಡಿದ್ದರೆ, ಗುರಿಯಿಡದೆ ಬಿಟ್ಟ ಪ್ರತಿ ಹತ್ತು ಎಸೆತದಲ್ಲಿ ನಾಲ್ಕು ಕಾಂಡಕ್ಕೆ ಬಡಿಯುತ್ತವೆ. ಮರಗಳು ಎರಡು ಪಟ್ಟಾದರೆ ಬಡಿಯುವುದು ಆರಕ್ಕೂ ಹೆಚ್ಚು. ಕೊಂಬೆ ರೆಂಬೆಗಳನ್ನು ಇನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ಇಲ್ಲ.

ಮ್ಯಾಸಚೂಸೆಟ್ಸ್‌ನ ಲೆಸ್ಟರ್‌ನಲ್ಲಿ ಕ್ರಿಸ್‌ಮಸ್ ಮರ ಬೆಳೆಸುವ ತೋಟದಲ್ಲಿರುವ ಮೇಪಲ್ ಹಿಲ್‌ನಂಥ ಕೋರ್ಸುಗಳಲ್ಲಿ ಮರವೂ ಉಂಟು, ಕೊಳವೂ ಉಂಟು. ಇಂಥ ಕಡೆ ಕುಶಲರು ಮೊದಲು ಗಮನಿಸುವುದು ಟೀಗೆ ಅತಿ ಹತ್ತಿರದ ಸಂದನ್ನು. ಹತ್ತು ಮೀಟರಿನಲ್ಲೇ ಕಾಂಡಕ್ಕೆ ಬಡಿದರೆ ಒಂದು ಎಸೆತ ಪೂರ್ತಿ ವ್ಯರ್ಥ, ಪುಟಿದು ಎತ್ತ ಹೋಗುತ್ತದೋ ಗೊತ್ತಿಲ್ಲ. ಎಂಬತ್ತು ಮೀಟರಿನಲ್ಲಿ ಬಡಿದರೆ ಕೆಲಸ ಬಹುಪಾಲು ಆಗಿಯೇ ಇರುತ್ತದೆ. ಆದ್ದರಿಂದ ದೂರ ಹೋಗುವ ಡ್ರೈವರ್ ಡಿಸ್ಕನ್ನು ಚೀಲದಲ್ಲೇ ಬಿಟ್ಟು, ನಿಧಾನವಾದರೂ ನೇರ ಹೋಗುವ ಮಿಡ್‌ರೇಂಜ್ ತೆಗೆಯುತ್ತಾರೆ.

ನಂಬಿಕೆ: ಬೆನ್ನ ಹಿಂದಿನ ಗಾಳಿ ಸ್ನೇಹಿತ, ಎದುರುಗಾಳಿ ಶತ್ರು

ಡಿಸ್ಕನ್ನು ಎತ್ತಿಹಿಡಿಯುವ ಬಲ ಅದಕ್ಕೂ ಗಾಳಿಗೂ ಇರುವ ಪರಸ್ಪರ ವೇಗದ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ಸೆಕೆಂಡಿಗೆ 25 ಮೀಟರ್ ವೇಗದ ಎಸೆತಕ್ಕೆ 5 ಮೀಟರ್ ವೇಗದ ಎದುರುಗಾಳಿ ಸಿಕ್ಕರೆ ಆ ಬಲ 1.44 ಪಟ್ಟು. ಅದೇ ಗಾಳಿ ಹಿಂದಿನಿಂದ ಬೀಸಿದರೆ 0.64 ಪಟ್ಟು ಮಾತ್ರ. ಹಿಂದಿನ ಗಾಳಿ ಡಿಸ್ಕನ್ನು ನೆಲಕ್ಕೆ ತಳ್ಳಿದಂತೆ ಕಾಣುವುದು ಇದಕ್ಕೇ. ಕೊಳದ ಆಚೆ ದಡ ಸೇರಬೇಕಾದ ಡಿಸ್ಕ್ ಅನುಕೂಲದ ಗಾಳಿಯಲ್ಲೇ ಒಂದೆರಡು ಮಾರು ಮುಂಚೆ ಕುಸಿದು ನೀರು ಸೇರುತ್ತದೆ. ವಿಗ್ಗಿನ್ಸ್ ಅವರ ದಾಖಲೆಯಲ್ಲಿ ಹಿಂದಿನ ಗಾಳಿ ನೆರವಾಯಿತಲ್ಲ ಎಂದರೆ, ಬಹಳ ಎತ್ತರಕ್ಕೆ ಬಿಟ್ಟು ಗಾಳಿಯ ಜೊತೆ ಸಾಗಿಸುವ ಎಸೆತ ಅದು. ಬುಟ್ಟಿಯ ಬುಡದಲ್ಲಿ ನಿಲ್ಲಿಸಬೇಕಾದವರಿಗೆ ಅದು ಒದಗುವುದಿಲ್ಲ.

ದಿಕ್ಕೂ ಬದಲಾಗುತ್ತದೆ. ತಿರುಗುವ ಡಿಸ್ಕಿನ ಮೂಗನ್ನು ಗಾಳಿ ಕೆಳಗೆ ಒತ್ತಿದರೆ ಡಿಸ್ಕ್ ಕೆಳಗೆ ಬಾಗದೆ ಪಕ್ಕಕ್ಕೆ ವಾಲುತ್ತದೆ, ತಿರುಗುವ ವಸ್ತುಗಳ ಗುಣವೇ ಅದು. ಬಲಗೈ ಬ್ಯಾಕ್‌ಹ್ಯಾಂಡ್ ಎಸೆತ ಎದುರುಗಾಳಿಯಲ್ಲಿ ಮಾಮೂಲಿಗಿಂತ ಹೆಚ್ಚು ಬಲಕ್ಕೆ ಹೊರಳುತ್ತದೆ, ಹಿಂದಿನ ಗಾಳಿಯಲ್ಲಿ ಬೇಗ ಎಡಕ್ಕೆ ವಾಲುತ್ತದೆ. ಓಬಿ ಯಾವ ಪಕ್ಕದಲ್ಲಿದೆ ಎಂದು ನೋಡಿದಮೇಲೆ ಗಾಳಿ ಎತ್ತಲಿನದು ಎಂದು ನೋಡದೆ ಡಿಸ್ಕ್ ಆರಿಸುವಂತಿಲ್ಲ.

ನಂಬಿಕೆ: ಚಾಂಪಿಯನ್ ಆದವನು ಯಾವಾಗಲೂ ಬುಟ್ಟಿಗೇ ಗುರಿಯಿಡುತ್ತಾನೆ

ಒಂದು ಉದಾಹರಣೆ ನೋಡಿ. ಪಾರ್, ಅಂದರೆ ನಿರೀಕ್ಷಿತ ಎಸೆತಗಳ ಸಂಖ್ಯೆ, ಮೂರು ಇರುವ ಹೋಲ್. ನೇರ ಬುಟ್ಟಿಯ ಹತ್ತಿರಕ್ಕೆ ಎಸೆದು ಉಳಿದರೆ ಎರಡರಲ್ಲಿ ಮುಗಿಯುತ್ತದೆ. ಓಬಿ ಸೇರಿದರೆ ಡ್ರಾಪ್ ಝೋನ್‌ಗೆ ಹೋಗಿ ನಾಲ್ಕು. ಹುಷಾರಾಗಿ ಮುಂಚೆಯೇ ಇಳಿಸಿದರೆ ಖಂಡಿತ ಮೂರು. ಅರ್ಧಕ್ಕಿಂತ ಹೆಚ್ಚು ಸಲ ಉಳಿಯುತ್ತೇನೆ ಎನ್ನುವವನು ನೇರ ಎಸೆಯುವುದು ಲಾಭ. ಡ್ರಾಪ್ ಝೋನ್ ಇಲ್ಲದೆ, ತಪ್ಪಿದಾಗಲೆಲ್ಲ ಟೀಗೇ ವಾಪಸು ಬರಬೇಕು ಎಂದಿದ್ದರೆ? ಎರಡನೆಯ ಸಲವೂ ತಪ್ಪಬಹುದಲ್ಲ. ಆಗ ಮೂರರಲ್ಲಿ ಎರಡು ಸಲಕ್ಕಿಂತ ಹೆಚ್ಚು ಉಳಿಯುವ ಭರವಸೆ ಬೇಕು. ಅದೇ ಬುಟ್ಟಿ, ಅದೇ ನೀರು, ಅದೇ ಕೈ. ನಿಯಮದ ಒಂದು ಸಾಲು ಬದಲಾದರೆ ಸರಿಯಾದ ಎಸೆತವೂ ಬದಲಾಗುತ್ತದೆ. ಇದಕ್ಕೇ ಒಳ್ಳೆಯ ಆಟಗಾರರು ಪಂದ್ಯದ ಹಿಂದಿನ ದಿನ ಕೋರ್ಸಿನ ಸೂಚನಾಪತ್ರವನ್ನು ಪರೀಕ್ಷೆಗೆ ಓದುವವರ ಹಾಗೆ ಓದುತ್ತಾರೆ.

ಚಾಂಪಿಯನ್ ಬುಟ್ಟಿಗೇ ಗುರಿಯಿಡುತ್ತಾನೆ ಎಂಬ ನಂಬಿಕೆಗೆ ಸಾಕ್ಷಿಯೆಂದು ಎಲ್ಲರೂ ಎತ್ತುವುದು 2021ರ ವಿಶ್ವ ಚಾಂಪಿಯನ್‌ಷಿಪ್ ಅನ್ನು. ಯೂಟಾದ ಆಗ್ಡನ್‌ನಲ್ಲಿ ಕೊನೆಯ ಹೋಲ್. ಜೇಮ್ಸ್ ಕಾನ್ರಾಡ್ ಒಂದು ಎಸೆತ ಹಿಂದಿದ್ದರು, ಮುಂದಿದ್ದವರು ಪಾಲ್ ಮ್ಯಾಕ್‌ಬೆತ್. ಕಾನ್ರಾಡ್ ಸುಮಾರು 75 ಮೀಟರ್ ದೂರದಿಂದ ಎಸೆದದ್ದು ನೇರ ಸರಪಳಿಗೆ ತಾಗಿ ಬುಟ್ಟಿಗೆ ಬಿತ್ತು. ಅಂಕ ಸಮವಾಯಿತು, ಪ್ಲೇಆಫ್‌ನ ಮೊದಲ ಹೋಲ್‌ನಲ್ಲೇ ಅವರು ಪ್ರಶಸ್ತಿ ಗೆದ್ದರು. ಧೈರ್ಯವಾಗಿ ಎಸೆದವನಿಗೆ ಜಯ ಎಂದು ಹೇಳುವುದು ಸುಲಭ. ಆದರೆ ಅವರ ಮುಂದೆ ಬೇರೆ ದಾರಿಯೇ ಇರಲಿಲ್ಲ. ಬುಟ್ಟಿಯ ಬುಡಕ್ಕೆ ಇಳಿಸಿದರೂ ಸೋಲು, ದಾಟಿ ಆಚೆ ಹೋದರೂ ಸೋಲು. ಕಳೆದುಕೊಳ್ಳಲು ಏನೂ ಇಲ್ಲದಾಗ ಓಬಿಯ ಬೆಲೆ ಸೊನ್ನೆ. ಇನ್ನೊಂದು ಮಾತು, ಆ ಎಸೆತಕ್ಕೆ ಅವರು ತೆಗೆದದ್ದು ಡ್ರೈವರನ್ನಲ್ಲ, ಪಟರನ್ನು. ನಿಧಾನವಾಗಿ, ನೇರವಾಗಿ ಹೋಗುವ ಡಿಸ್ಕ್ ಅದು.

ಮ್ಯಾಕ್‌ಬೆತ್ ಅವರು ಆ ಹೋಲ್‌ನಲ್ಲಿ ಹುಷಾರಾಗಿ ಆಡಿದ್ದು ತಪ್ಪಾಯಿತು ಎಂದೂ ಕೆಲವರು ಹೇಳಿದರು. ಒಂದು ಎಸೆತ ಮುಂದಿದ್ದವರು ಮಾಡಬೇಕಾದದ್ದನ್ನೇ ಅವರು ಮಾಡಿದ್ದು. ಮರುವರ್ಷ ಕನ್ಸಾಸ್‌ನ ಎಂಪೋರಿಯಾದಲ್ಲಿ ಅವರಿಗೂ ಪ್ಲೇಆಫ್ ಬಂತು. ಆರನೇ ವಿಶ್ವ ಪ್ರಶಸ್ತಿ ಅಲ್ಲಿ ಅವರ ಪಾಲಾಯಿತು.