ಖಲಿ ಗೆದ್ದ ಪಟ್ಟಿ ಈಗ ಎಲ್ಲಿ?

ಪ್ರಶ್ನೆ: 2023ರಲ್ಲಿ ಗಚ್ಚಿಬೌಲಿಗೆ ಬಂದ ಕುಸ್ತಿಪಟು ಸೆತ್ ರಾಲಿನ್ಸ್ ಬಳಿ ಇದ್ದದ್ದು ಖಲಿ ಗೆದ್ದ ವರ್ಲ್ಡ್ ಹೆವಿವೇಟ್ ಪಟ್ಟವೇ?
– ಓದುಗರೊಬ್ಬರು, ಅಬಿಡ್ಸ್, ಹೈದರಾಬಾದ್

ಅಲ್ಲ. ಹೆಸರು ಒಂದೇ, ವಂಶ ಬೇರೆ. ಖಲಿ ಗೆದ್ದ ಪಟ್ಟವನ್ನು ಕುಸ್ತಿ ಮನರಂಜನಾ ಸಂಸ್ಥೆ ಡಬ್ಲ್ಯುಡಬ್ಲ್ಯುಇ ಶುರುಮಾಡಿದ್ದು 2002ರ ಸೆಪ್ಟೆಂಬರ್‌ನಲ್ಲಿ. ಮೊದಲ ಒಡೆಯ ಟ್ರಿಪಲ್ ಎಚ್ ಅದಕ್ಕಾಗಿ ಕುಸ್ತಿಯನ್ನೇ ಆಡಲಿಲ್ಲ, ಪಟ್ಟಿಯನ್ನು ಅವರ ಕೈಗೆ ಕೊಟ್ಟುಬಿಟ್ಟರು! ಆ ಅಗಲವಾದ ಚಿನ್ನದ ಬಣ್ಣದ ಪಟ್ಟಿಯ ವಿನ್ಯಾಸ ಮಾತ್ರ 1986ರಷ್ಟು ಹಳೆಯದು, ರಿಕ್ ಫ್ಲೇರ್ ಕಾಲದ್ದು.

2007ರ ಜುಲೈನಲ್ಲಿ ಆಗಿನ ಒಡೆಯ ಎಡ್ಜ್ ಗಾಯಗೊಂಡು ಪಟ್ಟ ಬಿಟ್ಟುಕೊಟ್ಟರು. ಇಪ್ಪತ್ತು ಮಂದಿಯ ಬ್ಯಾಟಲ್ ರಾಯಲ್‌ನಲ್ಲಿ ಕೊನೆಗೆ ಉಳಿದವರು ಹಿಮಾಚಲದ ಸಿರಮೌರ್ ಜಿಲ್ಲೆಯ ದಲೀಪ್ ಸಿಂಗ್ ರಾಣಾ, ಅಂದರೆ ನಮ್ಮ ಖಲಿ. ಫಲಿತಾಂಶ ಮೊದಲೇ ಬರೆದಿಟ್ಟ ಕಥೆ, ನಿಜ. ಆದರೂ ಪಂಜಾಬ್ ಪೊಲೀಸ್‌ನಿಂದ ಅಲ್ಲಿಯವರೆಗಿನ ಅವರ ದಾರಿಯನ್ನು ಯಾರೂ ಬರೆದುಕೊಟ್ಟಿರಲಿಲ್ಲ; ನನಗೆ ಆ ಗೆಲುವು ಇಂದಿಗೂ ದೊಡ್ಡದೇ. ಸೆಪ್ಟೆಂಬರ್‌ನಲ್ಲಿ ಬಟಿಸ್ಟಾ ಅದನ್ನು ಕಸಿದುಕೊಂಡರು.

2013ರ ಡಿಸೆಂಬರ್ 15ರಂದು ಹ್ಯೂಸ್ಟನ್‌ನಲ್ಲಿ ರ‍್ಯಾಂಡಿ ಆರ್ಟನ್ ಜಾನ್ ಸೀನಾರನ್ನು ಸೋಲಿಸಿದಾಗ ಈ ಪಟ್ಟ ಡಬ್ಲ್ಯುಡಬ್ಲ್ಯುಇ ಪಟ್ಟದಲ್ಲಿ ವಿಲೀನವಾಗಿ ನಿವೃತ್ತಿಯಾಯಿತು. ರಾಲಿನ್ಸ್ ಹೊತ್ತು ತಂದದ್ದು 2023ರ ಮೇನಲ್ಲಿ ಜೆದ್ದಾದಲ್ಲಿ ಎ.ಜೆ. ಸ್ಟೈಲ್ಸ್ ವಿರುದ್ಧ ಗೆದ್ದ ಹೊಸ ಪಟ್ಟ. ಹಳೆಯದರ ದಾಖಲೆ ಇದಕ್ಕೆ ಸೇರುವುದಿಲ್ಲ.