ಕ್ಯಾಸಲ್‌ರಾಕಿನ ಘಟ್ಟದ ರೈಲುದಾರಿ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಪಾಲಕರಿಗೂ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಘಟ್ಟವೆಂದರೇನೆಂದು ಹೇಳಬೇಕಾದುದಿಲ್ಲ. ದೇವಿಮನೆ, ಅರಬೈಲುಗಳ ತಿರುವುಗಳನ್ನು ಎಲ್ಲರೂ ಬಲ್ಲರು. ಮೋಟಾರು ಹತ್ತುವ ಅಂಥ ಏರನ್ನು ರೈಲುಗಾಡಿಯು ಹತ್ತಲಾರದು. ಉಕ್ಕಿನ ಗಾಲಿಗೆ ಉಕ್ಕಿನ ಹಳಿಯ ಮೇಲೆ ಹಿಡಿತವು ಬಲು ಕಡಿಮೆ. ಹೀಗಿದ್ದರೂ ನಮ್ಮ ಜಿಲ್ಲೆಯ ಕ್ಯಾಸಲ್‌ರಾಕಿಗೆ ಗೋವೆಯ ಕಡೆಯಿಂದ 1888ರಲ್ಲಿಯೇ ರೈಲು ಏರಿ ಬಂದಿತು. ಅದು ಹೇಗೆಂಬುದನ್ನು ಇಲ್ಲಿ ಸಂಕ್ಷೇಪವಾಗಿ ತಿಳಿಸುವೆವು.

ಹುಬ್ಬಳ್ಳಿ-ಧಾರವಾಡ ಸೀಮೆಯ ಹತ್ತಿಯನ್ನು ಕಡಲಿಗೆ ಮುಟ್ಟಿಸಲು ಮೊದಲು ಕಾರವಾರಕ್ಕೆ ರೈಲು ಹಾಕುವ ವಿಚಾರವಿತ್ತು; ಅದು ಕೈಗೂಡಲಿಲ್ಲ. 1878ರಲ್ಲಿ ಇಂಗ್ಲೆಂಡ್, ಪೋರ್ತುಗಾಲಗಳ ನಡುವೆ ಒಪ್ಪಂದವಾಯಿತು; ಗೋವೆಯ ಮಾರ್ಮಗೋವಾ ಬಂದರಿನಿಂದ ಒಳನಾಡಿಗೆ ದಾರಿ ಮಾಡುವದು ನಿಶ್ಚಯವಾಯಿತು. 1881ರಲ್ಲಿ ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ರೈಲ್ವೇ ಕಂಪನಿಯು ಸ್ಥಾಪಿತವಾಗಿ ಕೆಲಸ ಹಿಡಿಯಿತು. ಇತ್ತ ಸದರ್ನ್ ಮರಾಠಾ ರೈಲ್ವೆಯು ಲೋಂಡಾದ ಕಡೆಯಿಂದ ಬಂದು ಅದನ್ನು ಕೂಡಿತು.

ಘಟ್ಟದ ಬುಡದ ಕುಳೆಂದಿಂದ ಕ್ಯಾಸಲ್‌ರಾಕಿಗೆ ದಾರಿ ಸುಮಾರು 16 ಮೈಲು. ಏರು 1,600 ಅಡಿಗೂ ಹೆಚ್ಚು. ಇಂಜಿನಿಯರರು ಗುಡ್ಡದೊಡನೆ ಹೋರಾಡಲಿಲ್ಲ, ಅದರ ಮೈಯನ್ನು ಬಳಸಿ ನಡೆದರು. ಸುಮಾರು 40 ಅಡಿ ಮುಂದೆ ಸಾಗಿದರೆ ಒಂದೇ ಅಡಿ ಏರುವಂತೆ ಹಳಿಗಳನ್ನು ಸುತ್ತಿಸಿದರು. ಕಣಿವೆ ಬಂದಲ್ಲಿ ಸೇತುವೆ, ಕಲ್ಲುಬಂಡೆ ಅಡ್ಡವಾದಲ್ಲಿ ಸುರಂಗ. ದೂಧಸಾಗರದ ಧಬಧಬೆಯ ಎದುರಿನಲ್ಲಿಯೇ ಹಳಿಯು ಹಾದುಹೋಗುವದು. ಏರುವಾಗ ಹಿಂದಿನಿಂದ ಹೆಚ್ಚಿನ ಇಂಜಿನುಗಳು ನೂಕುವವು. ಇಳಿಯುವದು ಏರುವದಕ್ಕಿಂತ ಕಠಿಣ. ಭಾರವೇ ಗಾಡಿಯನ್ನು ಕೆಳಕ್ಕೆ ಎಳೆಯುವದರಿಂದ ಬ್ರೇಕುಗಳ ಪರೀಕ್ಷೆಯಾಗದೆ ಮುಂದೆ ಬಿಡುವಂತಿಲ್ಲ.

ಕಂಪನಿಯ ಹೆಸರು ಪುಸ್ತಕಗಳಲ್ಲಿ ಉಳಿದಿದೆ. ಜಡಿಮಳೆಯ, ಮಲೆಜ್ವರದ ಆ ಕಾಡಿನಲ್ಲಿ ಬಂಡೆ ಒಡೆದು ಮಣ್ಣು ಹೊತ್ತವರ ಹೆಸರುಗಳು ಹಾಗೆ ಉಳಿಯಲಿಲ್ಲ. ಗಾಡಿಯ ಕಿಡಿಕಿಯಿಂದ ಸುರಂಗವನ್ನು ನೋಡುವಾಗ ನಮ್ಮ ಹುಡುಗಿಯರು ಅವರನ್ನೂ ನೆನೆಯತಕ್ಕದ್ದು.

1990ರ ದಶಕದಲ್ಲಿ ಇಲ್ಲಿಯ ಮೀಟರ್‌ಗೇಜ್ ಹಳಿಗಳು ಹೋಗಿ ಬ್ರಾಡ್‌ಗೇಜ್ ಬಂದವು. ನಮ್ಮ ಶಿರಸಿಗಾದರೋ ಇನ್ನೂ ರೈಲಿಲ್ಲ. ಯಲ್ಲಾಪುರದ ಮೇಲೆ ಹೋಗಬೇಕಾದ ಹುಬ್ಬಳ್ಳಿ-ಅಂಕೋಲಾ ದಾರಿಯು ಅರಣ್ಯನಾಶದ ಪ್ರಶ್ನೆಯಿಂದ ಬಹುಕಾಲ ತಡೆದು ನಿಂತಿತು. ದಾರಿ ಬೇಕೆನ್ನುವವರ ಮಾತಿನಲ್ಲಿಯೂ ಕಾಡು ಉಳಿಯಲೆನ್ನುವವರ ಮಾತಿನಲ್ಲಿಯೂ ಹುರುಳಿದೆ. ನಮ್ಮಲ್ಲಿ ಗಣಿತವನ್ನೂ ಭೂಗೋಲವನ್ನೂ ಕಲಿತ ಹುಡುಗಿಯರು ನಾಳೆ ಇಂಥ ನಕಾಶೆಗಳ ಮುಂದೆ ಕುಳಿತುಕೊಳ್ಳುವರು. ಅವರು ಏರಿನ ಅಡಿಗಳನ್ನು ಎಣಿಸುವಂತೆ ಬೀಳುವ ಮರಗಳನ್ನೂ ದುಡಿಯುವ ಕೈಗಳನ್ನೂ ಎಣಿಸಲೆಂದು ನಾವು ಹಾರೈಸುವೆವು.