ರಸಾಯನದ ಪರೀಕ್ಷೆಗೆ ಓದುವ ಬಗೆ

ರಸಾಯನಶಾಸ್ತ್ರದ ಪರೀಕ್ಷೆಗೆ ಸಿದ್ಧವಾಗುವುದು ಹೇಗೆ ಎಂಬುದನ್ನು ಕುರಿತು ಕನ್ನಡದ ಮೇಷ್ಟರೊಬ್ಬರು ಮಾತನಾಡುವುದು ಅಧಿಕಪ್ರಸಂಗವೆಂದು ಕೇಳುಗರಲ್ಲಿ ಕೆಲವರಿಗಾದರೂ ತೋರಬಹುದು. ಆದರೆ ಈ ವಿಷಯದಲ್ಲಿ ನನಗೊಂದು ಅರ್ಹತೆಯುಂಟು. 1977ರಲ್ಲಿ ಪಿ.ಯು.ಸಿ. ಪರೀಕ್ಷೆಗೆ ಕುಳಿತಾಗ ನಾನು ನಪಾಸಾದದ್ದು ಈ ಒಂದೇ ವಿಷಯದಲ್ಲಿ. ಪುಸ್ತಕವನ್ನು ಮೂರು ಸಲ ಆದ್ಯಂತವಾಗಿ ಓದಿದ್ದೆ. ಸಮೀಕರಣಗಳನ್ನು ಅಮರಕೋಶದ ಶ್ಲೋಕಗಳಂತೆ ಉರು ಹೊಡೆದಿದ್ದೆ. ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಎಲ್ಲವೂ ಪರಿಚಿತವಾಗಿಯೇ ಕಂಡಿತು. ಯಾವುದನ್ನೂ ಬರೆಯಲು ಮಾತ್ರ ಆಗಲಿಲ್ಲ. ಮುಂದೆ ಕಲಾವಿಭಾಗಕ್ಕೆ ಬಂದು ಕನ್ನಡದಲ್ಲಿ ಎಂ.ಎ. ಮಾಡಿದೆ. ಅದಕ್ಕಾಗಿ ನನಗೆ ವಿಷಾದವಿಲ್ಲ. ಆದರೆ ಸೋತದ್ದು ಏಕೆಂದು ತಿಳಿಯುವುದಕ್ಕೆ ನಲವತ್ತು ವರ್ಷಕ್ಕೂ ಮಿಕ್ಕಿದ ಕಾಲ ಬೇಕಾಯಿತು.

ಅದನ್ನು ತಿಳಿಸಿಕೊಟ್ಟವಳು ನಮ್ಮ ಪಕ್ಕದ ಮನೆಯ ಹುಡುಗಿ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿ.ಯು.ಸಿ.ಗೆ ವಿಜ್ಞಾನ ತೆಗೆದುಕೊಂಡಿದ್ದಳು. ಮೊದಲ ಕಿರುಪರೀಕ್ಷೆಯ ಉತ್ತರಪತ್ರಿಕೆ ಕೈಗೆ ಬಂದ ದಿನ ನಮ್ಮ ಜಗಲಿಯ ಮೇಲೆ ಬಂದು ಕುಳಿತು, "ತಾತ, ಸೈನ್ಸ್ ಬಿಟ್ಟುಬಿಡ್ತೀನಿ. ಓದುವಾಗ ಎಲ್ಲಾ ಗೊತ್ತಿರುತ್ತೆ, ಬರೆಯೋಕೆ ಹೋದ್ರೆ ಒಂದೂ ಬರಲ್ಲ" ಎಂದಳು. ನನ್ನದೇ ಹಳೆಯ ದನಿಯನ್ನು ಕೇಳಿದಂತಾಯಿತು. ಅಂದಿನಿಂದ ಸಂಜೆ ಒಂದು ಗಂಟೆ ನಾವಿಬ್ಬರೂ ಕೂಡಿ ಓದತೊಡಗಿದೆವು.

ಮೊದಲು ಎದುರಾದದ್ದು ಪದಗಳ ತೊಡಕು. ಹತ್ತನೆಯ ತರಗತಿಯಲ್ಲಿ ಉತ್ಕರ್ಷಣ, ಅಪಕರ್ಷಣ ಎಂದು ಕಲಿತದ್ದು ಇಲ್ಲಿ ಆಕ್ಸಿಡೇಶನ್, ರಿಡಕ್ಷನ್ ಆಗಿತ್ತು. ಹಳೆಯ ನೆಂಟನೇ ವೇಷ ಬದಲಿಸಿ ಬಂದಿದ್ದಾನೆಂದು ಅವಳಿಗೆ ತಿಳಿದಿರಲಿಲ್ಲ. ಒಂದು ನೋಟುಪುಸ್ತಕದಲ್ಲಿ ಎರಡು ಭಾಷೆಯ ಪದಗಳನ್ನೂ ಎದುರುಬದುರಾಗಿ ಬರೆದೆವು. ಅಡಕೆ ತೋಟಕ್ಕೆ ಸುಣ್ಣದೊಡನೆ ಬೆರೆಸಿ ಸಿಂಪಡಿಸುವ ಮೈಲುತುತ್ತವೇ ಅವಳ ಪುಸ್ತಕದ ಕಾಪರ್ ಸಲ್ಫೇಟು. ಅದರ ನೀಲಿ ದ್ರಾವಣದಲ್ಲಿ ಸತುವಿನ ತುಂಡನ್ನು ಇಟ್ಟರೆ ಬಣ್ಣ ಮೆಲ್ಲಗೆ ಕುಂದುತ್ತದೆ, ಸತುವಿನ ಮೇಲೆ ತಾಮ್ರ ಕೂರುತ್ತದೆ. ಇಲ್ಲಿ ಸತುವಿನ ಪರಮಾಣು ಎರಡು ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ, ತಾಮ್ರದ ಅಯಾನು ಅವನ್ನು ಪಡೆಯುತ್ತದೆ. ಕಳೆದುಕೊಳ್ಳುವುದಕ್ಕೆ ಉತ್ಕರ್ಷಣವೆಂದು ಹೆಸರೇಕೆ ಎಂದು ಅವಳು ಕೇಳಿದಳು. ಉತ್ಕರ್ಷವೆಂದರೆ ಏರಿಕೆ. ಸತುವಿನ ಉತ್ಕರ್ಷಣ ಸಂಖ್ಯೆ ಸೊನ್ನೆಯಿಂದ ಎರಡಕ್ಕೆ ಏರಿದೆಯಷ್ಟೆ! ಪದದ ಒಳಗೆ ಹೊಕ್ಕು ನೋಡಿದ ಮೇಲೆ ಆ ಗೊಂದಲ ಅವಳನ್ನು ಮತ್ತೆ ಕಾಡಲಿಲ್ಲ.

ಆದರೆ ಪದವನ್ನೇ ಪ್ರಮಾಣವೆಂದು ನಂಬುವಂತಿಲ್ಲ. ಆಮ್ಲಜನಕ ಎಂಬ ಹೆಸರಿನಲ್ಲಿ ಲಾವಾಸಿಯೆಯ ಒಂದು ತಪ್ಪು ಇಂದಿಗೂ ಉಳಿದುಕೊಂಡಿದೆ. ಆಮ್ಲಗಳಿಗೆಲ್ಲ ಈ ಅನಿಲವೇ ಮೂಲವೆಂದು ಆತ ಎಣಿಸಿದ್ದ. ಅವನಿಟ್ಟ ಹೆಸರಿನ ಅನುವಾದವೇ ನಮ್ಮದು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕದ ಸುಳಿವೇ ಇಲ್ಲ.

ಎರಡನೆಯ ತೊಡಕು ಲೆಕ್ಕ. ಮೋಲ್ ಎಂಬ ಮಾತು ಕೇಳಿದೊಡನೆ ಹುಡುಗರು ಹೆದರುತ್ತಾರೆ. ಡಜನ್ ಎಂದರೆ ಹನ್ನೆರಡು ಎಂಬಂತೆ ಮೋಲ್ ಎಂಬುದೂ ಒಂದು ಎಣಿಕೆಯ ಅಳತೆ. ಆ ಎಣಿಕೆ ಮಾತ್ರ ಬಹು ದೊಡ್ಡದು, 6022ರ ಮುಂದೆ ಇಪ್ಪತ್ತು ಸೊನ್ನೆಗಳನ್ನು ಇಟ್ಟಷ್ಟು. ಅಷ್ಟು ಅಣುಗಳ ನೀರು ತೂಗುವುದು ಕೇವಲ 18 ಗ್ರಾಂ. ಇನ್ನು, 10 ಗ್ರಾಂ ಜಲಜನಕವನ್ನು 64 ಗ್ರಾಂ ಆಮ್ಲಜನಕದಲ್ಲಿ ಉರಿಸಿದರೆ ಎಷ್ಟು ನೀರು ಬರುತ್ತದೆ ಎಂಬುದು ಅವಳ ಪ್ರಶ್ನೆ. ಎರಡನ್ನೂ ಕೂಡಿಸಿ 74 ಗ್ರಾಂ ಎಂದು ಬರೆದು ಅಂಕ ಕಳೆದುಕೊಂಡಿದ್ದಳು.

ನಾನು ಅವಳನ್ನು ಅಡುಗೆಮನೆಗೆ ಕರೆದೊಯ್ದೆ. ಇಡ್ಲಿಗೆ ಒಂದು ಪಾವು ಉದ್ದಿಗೆ ಮೂರು ಪಾವು ಅಕ್ಕಿ. ಮನೆಯಲ್ಲಿ ಹತ್ತು ಪಾವು ಅಕ್ಕಿ, ಎರಡು ಪಾವು ಉದ್ದು ಇದ್ದರೆ? ಆರು ಪಾವು ಅಕ್ಕಿಗೆ ಉದ್ದು ಮುಗಿಯುತ್ತದೆ, ನಾಲ್ಕು ಪಾವು ಅಕ್ಕಿ ಉಳಿಯುತ್ತದೆ. ಹಿಟ್ಟು ಎಷ್ಟಾಗುತ್ತದೆಂಬುದನ್ನು ತೀರ್ಮಾನಿಸುವುದು ಮೊದಲು ಮುಗಿಯುವ ಸಾಮಗ್ರಿ. ಹಾಗೆಯೇ 10 ಗ್ರಾಂ ಜಲಜನಕವೆಂದರೆ 5 ಮೋಲ್, 64 ಗ್ರಾಂ ಆಮ್ಲಜನಕವೆಂದರೆ 2 ಮೋಲ್. ಆಮ್ಲಜನಕದ ಒಂದಕ್ಕೆ ಜಲಜನಕದ ಎರಡು ಬೇಕಾದ್ದರಿಂದ 2 ಮೋಲ್ ಆಮ್ಲಜನಕ 4 ಮೋಲ್ ಜಲಜನಕವನ್ನು ಬಳಸಿಕೊಂಡು ಮುಗಿಯುತ್ತದೆ. ಬರುವ ನೀರು 4 ಮೋಲ್, ಎಂದರೆ 72 ಗ್ರಾಂ. ಉಳಿಯುವ ಜಲಜನಕ 2 ಗ್ರಾಂ.

ಪದ ತಿಳಿಯಿತು, ಲೆಕ್ಕ ತಿಳಿಯಿತು. ಆದರೂ ಮುಂದಿನ ವಾರ ಕೇಳಿದರೆ ಅವಳಿಗೆ ಅರ್ಧ ಮರೆತಿತ್ತು. ನನ್ನ 1977ರ ಸೋಲಿನ ಗುಟ್ಟು ಇಲ್ಲಿತ್ತು. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಅಮೆರಿಕದಿಂದ ಪ್ರಕಟಿಸಿದ ಒಂದು ಪ್ರಯೋಗವುಂಟು. ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗವನ್ನು ಕೊಟ್ಟು, ಕೆಲವರಿಗೆ ಅದನ್ನು ಮತ್ತೊಮ್ಮೆ ಓದಲು ಹೇಳಿದರು. ಉಳಿದವರಿಗೆ ಅದನ್ನು ನೋಡದೆ ನೆನಪಿನಿಂದ ಬರೆಯಲು ಹೇಳಿದರು. ಐದು ನಿಮಿಷದ ಬಳಿಕ ನೋಡಿದರೆ ಮತ್ತೆ ಓದಿದವರೇ ಮುಂದು. ಒಂದು ವಾರ ಕಳೆದಾಗ ಮತ್ತೆ ಓದಿದವರಲ್ಲಿ ಉಳಿದದ್ದು ನೂರಕ್ಕೆ 42, ಬರೆದು ನೋಡಿದವರಲ್ಲಿ 56. ಓದುವಾಗ ಹುಟ್ಟುವ ಪರಿಚಯವನ್ನು ನಾವು ಜ್ಞಾನವೆಂದು ಭ್ರಮಿಸುತ್ತೇವೆ. ಮುಖ ಗುರುತು ಸಿಕ್ಕ ಮಾತ್ರಕ್ಕೆ ಹೆಸರು ನೆನಪಾಗಬೇಕೆಂದಿಲ್ಲ. ಪರೀಕ್ಷೆ ಕೇಳುವುದು ಹೆಸರನ್ನು.

ಆದ್ದರಿಂದ ಕ್ರಮ ಬದಲಾಯಿಸಿದೆವು. ಒಂದು ಪ್ರಕರಣವನ್ನು ಓದಿ, ಪುಸ್ತಕ ಮುಚ್ಚಿ, ಬಿಳಿಯ ಹಾಳೆಯ ಮೇಲೆ ನೆನಪಾದದ್ದನ್ನೆಲ್ಲ ಬರೆಯುವುದು. ಅನಂತರ ಪುಸ್ತಕ ತೆರೆದು ಬಿಟ್ಟದ್ದನ್ನು ಕೆಂಪು ಶಾಯಿಯಲ್ಲಿ ತುಂಬುವುದು. ಎರಡು ದಿನ ಬಿಟ್ಟು ಮತ್ತೊಮ್ಮೆ, ವಾರ ಬಿಟ್ಟು ಇನ್ನೊಮ್ಮೆ. ಬಿಡಿಸಿದ ಲೆಕ್ಕವನ್ನು ಓದಿ ತಲೆದೂಗುವ ಬದಲು ಉತ್ತರವನ್ನು ಮುಚ್ಚಿಟ್ಟು ತಾನೇ ಬಿಡಿಸುವುದು, ಪ್ರತಿ ಹೆಜ್ಜೆಯಲ್ಲೂ ಏಕಮಾನ ಬರೆಯುವುದು. ಕೊನೆಯ ಹದಿನೈದು ದಿನ ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಮುಂದಿಟ್ಟುಕೊಂಡು ಬರೆಯುವುದು. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಮಾಡುವುದು.

ಆವರ್ತ ಕೋಷ್ಟಕವನ್ನೂ ಹೀಗೆಯೇ ಕಲಿತಳು. ಮೆಂಡೆಲೀವ್ ಅದನ್ನು ರೂಪಿಸಿದ್ದು 1869ರಲ್ಲಿ, ತನ್ನ ವಿದ್ಯಾರ್ಥಿಗಳಿಗಾಗಿ ರಸಾಯನಶಾಸ್ತ್ರದ ಪಠ್ಯಪುಸ್ತಕ ಬರೆಯುತ್ತಿದ್ದಾಗ. ಚೆಲ್ಲಾಪಿಲ್ಲಿಯಾಗಿದ್ದ ಧಾತುಗಳನ್ನು ಪಾಠಕ್ಕೆ ಒಪ್ಪುವಂತೆ ಅಣಿಗೊಳಿಸಲು ಹೊರಟ ಮೇಷ್ಟರಿಗೆ ಪ್ರಕೃತಿಯ ಒಂದು ನಿಯಮವೇ ದೊರೆಯಿತು. ಆತ ಖಾಲಿ ಬಿಟ್ಟಿದ್ದ ಒಂದು ಮನೆಗೆ 1875ರಲ್ಲಿ ಗ್ಯಾಲಿಯಂ ಬಂದು ಸೇರಿತು. ಸಾಲುಗಳನ್ನು ಗಿಣಿಪಾಠ ಮಾಡುವುದಕ್ಕಿಂತ, ಸೋಡಿಯಂ ಪೊಟ್ಯಾಸಿಯಂಗಳು ಒಂದೇ ಕುಟುಂಬದವಾಗಿರುವುದು ಏಕೆಂದು ಕೇಳಿಕೊಳ್ಳುವುದು ಮೇಲು. ಎರಡಕ್ಕೂ ಹೊರ ಕವಚದಲ್ಲಿರುವುದು ಒಂದೊಂದೇ ಎಲೆಕ್ಟ್ರಾನು. ಈ ಕಾರಣ ತಿಳಿದರೆ ಅವುಗಳ ಗುಣಗಳಲ್ಲಿ ಹಲವು ತಾವಾಗಿಯೇ ನೆನಪಿಗೆ ಬರುತ್ತವೆ.

ಹುಡುಗಿ ವಾರ್ಷಿಕ ಪರೀಕ್ಷೆಯಲ್ಲಿ ತೇರ್ಗಡೆಯಾದಳು. ಹೇಳಿಕೊಳ್ಳುವಂಥ ಅಂಕಗಳೇನೂ ಅಲ್ಲ. ಆದರೆ ವಿಜ್ಞಾನವನ್ನು ಬಿಡುವ ಮಾತು ಆಮೇಲೆ ಬರಲಿಲ್ಲ. ಫಲಿತಾಂಶ ಬಂದ ಸಂಜೆ ತಾನೇ ಒಂದು ಪ್ರಶ್ನೆಪತ್ರಿಕೆ ಸಿದ್ಧಪಡಿಸಿ ತಂದು ನನ್ನ ಮುಂದಿಟ್ಟು, "ತಾತ, ಈಗ ನೀವು ಬರೀರಿ" ಎಂದಳು. ಜಲಜನಕ ಆಮ್ಲಜನಕಗಳದೇ ಲೆಕ್ಕ, ಅಂಕಿಗಳು ಮಾತ್ರ ಬೇರೆ. ಕಾಲು ಗಂಟೆ ಒದ್ದಾಡಿ ಉತ್ತರ ತೆಗೆದೆ. ಕೆಂಪು ಪೆನ್ನು ಹಿಡಿದು ತಿದ್ದಿ ಹಿಂದಿರುಗಿಸಿದಳು: "ಉತ್ತರ ಸರಿ. ಯೂನಿಟ್ ಬರೆದಿಲ್ಲ, ಅರ್ಧ ಮಾರ್ಕ್ಸ್ ಕಳೆದಿದ್ದೀನಿ."